ಸುಬ್ರಾಯಣ್ಣನ ಚೀಲದಲ್ಲಿ ಜಾಗವಿಲ್ಲ

ಹನ್ನೆರಡು ರೂಪಾಯಿ. ಅಂಗಡಿಯವನು ಹದಿನೆಂಟು ಹೇಳಿದ, ನಾನು ಹತ್ತಕ್ಕೆ ಕೇಳಿದೆ, ಅವನು ತರಿಸಿದ ಚಹಾ ಕುಡಿದು ಮುಗಿಸುವ ಹೊತ್ತಿಗೆ ವ್ಯವಹಾರ ಹನ್ನೆರಡಕ್ಕೆ ನಿಂತಿತು. ಕೊಂಡದ್ದು ಒಂದು ಹಳದಿ ಅಳತೆ ಟೇಪು, ನಮ್ಮ ಸುಬ್ರಾಯಣ್ಣನಿಗೆ. ಟೇಲರನಿಗೆ ಟೇಪು ಕೊಡಿಸುವುದರಲ್ಲಿ ಏನು ವಿಶೇಷ ಎಂದು ನೀವು ಕೇಳಬಹುದು. ನಾನು ಅದನ್ನು ಅಳತೆ ತೆಗೆಯಲಿಕ್ಕೆ ಕೊಡಿಸಿದ್ದಲ್ಲ. ಮಕ್ಕಳ ಕಳ್ಳನೆಂದು ಜನ ಅವನನ್ನು ಮತ್ತೊಮ್ಮೆ ಹಿಡಿದು ಕೂರಿಸದಿರಲಿ ಎಂದು ಕೊಡಿಸಿದ್ದು.

ದೇವರು ಸುಬ್ರಾಯಣ್ಣನನ್ನು ಮಾಡುವಾಗ ಒಳಗೆ ಒಂದು ಅಳತೆ, ಹೊರಗೆ ಇನ್ನೊಂದು ಅಳತೆ ಹಿಡಿದಿದ್ದನೆಂದು ಕಾಣುತ್ತದೆ. ಒಳಗಿನದು ಮೆತ್ತಗಿನ ವಾಯಿಲ್ ಬಟ್ಟೆ. ಹೊರಗಿನದು ಗೋಣಿ. ಬಾಗಿಲಲ್ಲಿ ತಲೆ ತಗ್ಗಿಸದೆ ಒಳಗೆ ಬರಲಾಗದಷ್ಟು ಎತ್ತರ, ಎರಡೂ ಕೂಡಿ ಒಂದೇ ಆದ ಹುಬ್ಬು, ಎಲೆಯಡಿಕೆಯ ಕವಳ ಹಾಕಿ ಹಾಕಿ ಕೆಂಪಾದ ಬಾಯಿ. ಹೆಗಲಿಗೆ ಖಾಕಿ ಬಟ್ಟೆಯ ಒಂದು ಚೀಲ. ಒಂದು ಮಗು ಕಾಲು ಮಡಚಿ ಆರಾಮಾಗಿ ಕೂತುಕೊಳ್ಳಬಹುದಾದಷ್ಟು ದೊಡ್ಡದು. ಉಣ್ಣದ ಮಕ್ಕಳಿಗೆ ತಾಯಂದಿರು ಹೇಳುವ ಗುಮ್ಮನ ಚಿತ್ರ ಬರೆಸಬೇಕೆಂದಿದ್ದರೆ ಸುಬ್ರಾಯಣ್ಣನನ್ನು ಎದುರಿಗೆ ಕೂರಿಸಿದರೆ ಸಾಕಿತ್ತು.

ಸಿರ್ಸಿಯಲ್ಲಿ ನನ್ನದು ಬಟ್ಟೆ ಅಂಗಡಿ. ಮೊದಲು ನಾನೂ ರವಿಕೆ ಖಣಗಳನ್ನು ಚೀಲಕ್ಕೆ ತುಂಬಿಕೊಂಡು ಮನೆಮನೆ ತಿರುಗಿದವಳೇ. ಹೆಂಗಸಿನ ಹೆಗಲ ಮೇಲಿನ ಚೀಲವನ್ನು ನೋಡಿ ಜನ ಒಳಗೆ ಕರೆದು ಮಜ್ಜಿಗೆ ಕೊಡುತ್ತಾರೆ. ಗಂಡಸಿನ ಹೆಗಲ ಮೇಲಿದ್ದರೆ ನಾಯಿ ಬಿಡುತ್ತಾರೆ. ಇದು ನನಗೆ ಆಗ ಹೊಳೆದಿರಲಿಲ್ಲ. ಅಂಗಡಿ ಸ್ವಲ್ಪ ಕಾಲೂರಿದ ಮೇಲೆ ಶಾಲೆ ಯೂನಿಫಾರಂ ಹೊಲಿಸಿಕೊಡುವ ವ್ಯಾಪಾರ ಶುರುಮಾಡಿದೆ. ಬೇಸಿಗೆ ರಜೆಯಲ್ಲಿ ಸಿರ್ಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಿಗೆ ಹೋಗಿ ಮಕ್ಕಳ ಅಳತೆ ತರಬೇಕು, ಶಾಲೆ ತೆರೆಯುವಾಗ ಬಟ್ಟೆ ಕೈಗಿಡಬೇಕು. ಆ ಕೆಲಸಕ್ಕೆ ಸಿಕ್ಕವನು ಕುಮಟೆ ಕಡೆಯಿಂದ ಘಟ್ಟ ಹತ್ತಿ ಬಂದಿದ್ದ ಸುಬ್ರಾಯಣ್ಣ.

ಅವನು ಟೇಪು ಮುಟ್ಟುತ್ತಿರಲಿಲ್ಲ. ಬೆಳೆಯುವ ಮಕ್ಕಳ ಅಳತೆಯನ್ನು ಅಂಕಿಯಲ್ಲಿ ಕೂಗಿ ಹೇಳಿದರೆ ದೃಷ್ಟಿಯಾಗುತ್ತದೆ ಎಂದು ಹಳ್ಳಿಯ ಅಜ್ಜಿಯರು ಗೊಣಗುತ್ತಿದ್ದರು. ಅದಕ್ಕೆ ಅವನದು ಹುರಿಯ ಲೆಕ್ಕ. ಒಂದು ಮಗುವಿಗೆ ಒಂದು ಹುರಿ. ಭುಜಕ್ಕೆ ಒಂದು ಗಂಟು, ಎದೆಗೆ ಒಂದು, ಉದ್ದಕ್ಕೆ ಒಂದು. ತುದಿಗೆ ಆ ಮಗುವಿನ ಹೆಸರು ಬರೆದ ಬಟ್ಟೆ ಚೂರು. ಮಗು ನೆಟ್ಟಗೆ ನಿಲ್ಲಬೇಕಾದರೆ "ಅಗಾ, ಮಾಡಿನ ಮೇಲೆ ಗುಬ್ಬಿ!" ಅನ್ನುವನು. ಮಗು ಗಲ್ಲ ಎತ್ತುವಷ್ಟರಲ್ಲಿ ಗಂಟು ಬಿದ್ದಾಗಿರುತ್ತಿತ್ತು. ಆಮೇಲೆ ಒಂದು ಪೆಪ್ಪರಮೆಂಟು.

ಒಂದೇ ದೋಷ. ಎಲ್ಲ ಅಳತೆಗೂ ತಾನಾಗಿ ನಾಲ್ಕು ಬೆರಳು ಸೇರಿಸುತ್ತಿದ್ದ. "ಮಳೆಗಾಲದಲ್ಲಿ ಮಕ್ಕಳು ಕೆಸುವಿನ ಗಿಡದಂಗೆ ಏಳ್ತವೆ ಸರೋಜಕ್ಕಾ, ನಿಮಗೆ ಗೊತ್ತಿಲ್ಲ" ಎನ್ನುವನು. ಆ ವರ್ಷಗಳ ಯಾವ ಶಾಲೆಯ ಗ್ರೂಪ್ ಫೋಟೋ ಬೇಕಾದರೂ ನೋಡಿ. ಅಂಗಿಯೊಳಗೆ ಮಕ್ಕಳು ಎಲ್ಲಿದ್ದಾರೆಂದು ಹುಡುಕಬೇಕು. ಹುಲಗೋಳದ ಒಬ್ಬರು ಅಂಗಡಿಗೇ ಬಂದು, "ಇದ್ರಲ್ಲಿ ನನ್ನ ಮಗನ ಸಂಗ್ತಿಗೆ ಇನ್ನೊಬ್ಬ ಹಿಡೀತ. ಇನ್ನೊಂದು ಮಾಣಿನೂ ಕೊಡ್ತ್ರಾ ಇದ್ರ ಜೊತಿಗೆ?" ಎಂದು ಕೇಳಿ ಹೋಗಿದ್ದರು.

ಮಕ್ಕಳು ಮಾತ್ರ ಅವನ ಹಿಂದೆ ಬೀಳುತ್ತಿದ್ದವು. ತ್ಯಾಗಲಿಯ ಒಂದು ಮನೆಗೆ ಒಮ್ಮೆ ನಾನೂ ಜೊತೆಗೆ ಹೋಗಿದ್ದೆ. ಮನೆಯಾಕೆ ಬಟ್ಟಲು ಹಿಡಿದು ಮಗನ ಹಿಂದೆ ಅಂಗಳವೆಲ್ಲ ಓಡುತ್ತಿದ್ದಳು. ಸುಬ್ರಾಯಣ್ಣನನ್ನು ಕಂಡದ್ದೇ, "ನೋಡು, ಚೀಲದಂವ ಬಂದ! ಉಣ್ಣದಿದ್ರೆ ಆನು ಅವಂಗೇ ಕೊಟ್ಬಿಡ್ತೆ" ಎಂದಳು. ಬೇರೆ ಯಾರಾದರೂ ಆಗಿದ್ದರೆ ಬೇಸರ ಮಾಡಿಕೊಳ್ಳುತ್ತಿದ್ದರು. ಸುಬ್ರಾಯಣ್ಣ ಗಂಭೀರವಾಗಿ ಚೀಲ ಇಳಿಸಿ, ಬಾಯಿ ಬಿಚ್ಚಿ, ಒಳಗೆ ಇಣುಕಿ, "ಇವತ್ತು ಜಾಗ ಇಲ್ಲ ಅಮ್ಮಾ. ಇಂವ ಸ್ವಲ್ಪ ಉಂಡು ದಪ್ಪ ಆಗ್ಲಿ, ಆಮೇಲೆ ತೂಕಕ್ಕೆ ತಕ್ಕೊಂಡು ಹೋತೆ" ಎಂದ. ಮಗ ಒಂದೇ ಉಸಿರಿಗೆ ಬಟ್ಟಲು ಖಾಲಿ ಮಾಡಿ, ಚೀಲದಲ್ಲಿ ನಿಜವಾಗಿ ಏನಿದೆ ನೋಡಲು ಬಂದ. ಈ ಆಟ ಎಷ್ಟು ಹೆಸರಾಯಿತೆಂದರೆ, ಊರೂರಿನ ತಾಯಂದಿರು ಅವನು ಬರುವ ದಿನ ಕೇಳಿ ಅನ್ನ ಕಲಸಿಡುವಷ್ಟಾಯಿತು.

ಅದೇ ಆಟ ಒಂದು ದಿನ ಕುತ್ತಿಗೆಗೆ ಬಂತು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅರಬೈಲ್ ಘಟ್ಟದ ಆಚೆಯ ಒಂದು ಊರು. ಹೆಸರು ಬೇಡ, ಅಲ್ಲಿಯವರು ಈಗಲೂ ನನ್ನ ಗಿರಾಕಿಗಳು. ಆ ಊರಿನ ಬಟ್ಟೆ ಎರಡು ವರ್ಷದಿಂದ ನಮ್ಮಲ್ಲಿಯೇ ಹೊಲಿಗೆಯಾಗುತ್ತಿತ್ತು. ಆದರೆ ಅಲ್ಲಿಯ ಮೇಷ್ಟ್ರು ಮಕ್ಕಳ ಹಳೆಯ ಬಟ್ಟೆಗಳನ್ನು ಗಂಟು ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದರಿಂದ ಸುಬ್ರಾಯಣ್ಣನ ಮುಖವನ್ನು ಯಾರೂ ನೋಡಿರಲಿಲ್ಲ. ಆ ವರ್ಷ ಮೇಷ್ಟ್ರಿಗೆ ವರ್ಗವಾಗಿತ್ತು. ಅವನೇ ಹೋದ. ಅವನು ಹೋದ ಗಳಿಗೆಯೋ, ಊರ ಹಳ್ಳಕ್ಕೆ ಸೇತುವೆ ಕಟ್ಟುತ್ತಿದ್ದರು. ಕಂಬ ನಿಲ್ಲುತ್ತಿಲ್ಲ, ಮಕ್ಕಳ ಬಲಿ ಕೇಳುತ್ತಿದೆ, ಹಿಡಿಯುವವರು ಚೀಲ ಹಿಡಿದು ತಿರುಗುತ್ತಿದ್ದಾರೆ ಎಂದು ಸುದ್ದಿ ಎದ್ದಿತ್ತು.

ಸುಬ್ರಾಯಣ್ಣನಿಗೆ ಇದ್ಯಾವುದೂ ಗೊತ್ತಿಲ್ಲ. ಗೂಡಂಗಡಿಯ ಮುಂದೆ ಹಲಸಿನ ಮರದಡಿ ನಿಂತು ಒಂದಷ್ಟು ಮಕ್ಕಳ ಅಳತೆ ತೆಗೆದಿದ್ದಾನೆ. ಕೊನೆಗೆ ಬಂದವಳು ಸುಮಾ ಎಂಬ ಪುಟ್ಟ ಹುಡುಗಿ. ಗಂಟು ಹಾಕಿ, ಪೆಪ್ಪರಮೆಂಟು ಕೊಟ್ಟು, ಪ್ರೀತಿಗೆ ಎಂದು ಚೀಲದ ಬಾಯಿ ಅಗಲಿಸಿ, "ಇವತ್ತು ಜಾಗ ಉಂಟು, ಬರ್ತ್ಯಾ?" ಎಂದು ಕೇಳಿದ್ದಾನೆ.

ಹುಡುಗಿ ಕಿರುಚಿದ್ದು ಸೇತುವೆ ಕೆಲಸದವರಿಗೂ ಕೇಳಿಸಿತಂತೆ.

ಊರ ಹೆಗಡೆಯವರ ಮನೆಯ ಫೋನಿನಿಂದ ನನ್ನ ಅಂಗಡಿಗೆ ಕರೆ ಬಂತು. "ಒಬ್ಬ ಮಕ್ಕಳ ಕಳ್ಳ ಸಿಕ್ಕಿದ್ದ. ಈಗ ನಮ್ಮೆದುರೇ ಕೂತು ನಿಮ್ಮ ಹೆಸರು ಹೇಳ್ತಾ ಇದ್ದ." ನಾನು ಬಾಡಿಗೆ ಜೀಪು ಹಿಡಿದು ಹೊರಟೆ. ಹೊರಡುವಾಗ ಗುಲಾಬಿ ಹೂವಿನ ಒಂದು ಫ್ರಾಕಿನ ಬಟ್ಟೆಯನ್ನು ಕಂಕುಳಿಗೆ ಸಿಕ್ಕಿಸಿಕೊಂಡೆ. ಮಾತುಕತೆಗೆ ಬರಿಗೈಯಲ್ಲಿ ಹೋಗುವ ರೂಢಿ ನನಗಿಲ್ಲ.

ಸುಬ್ರಾಯಣ್ಣನನ್ನು ಗೂಡಂಗಡಿಯ ಕಂಬಕ್ಕೆ ಒರಗಿಸಿ ಕೂರಿಸಿದ್ದರು. ಏಟು ಬಿದ್ದಿರಲಿಲ್ಲ. ಬೀಳುವುದಕ್ಕೆ ಹೆಚ್ಚು ಹೊತ್ತೂ ಇರಲಿಲ್ಲ. ಎದುರಿಗೆ ಹುರಿಗಳನ್ನೆಲ್ಲ ಹರವಿಕೊಂಡು ಆ ಗೂಡಂಗಡಿಯ ನಾರಾಯಣ ವಿವರಿಸುತ್ತಿದ್ದ.

"ನೋಡಿ, ಇದು ತಲೆ, ಇದು ಸೊಂಟ, ಇದು ಕಾಲು. ಕಂಬದ ಗುಂಡಿಗೆ ಯಾವ ಮಗು ಕೂತ್ಕೊಳ್ತದೆ ಅಂತ ಅಳತೆ."

"ಕಂಬಕ್ಕೆ ಒಂದು ಮಗು ಸಾಕಲ್ಲ ಮಾರಾಯಾ, ಇಷ್ಟೆಲ್ಲ ಎಂತಕ್ಕೆ?" ಎಂದು ಯಾರೋ ಕೇಳಿದರು.

"ಆರಿಸ್ಲಿಕ್ಕೆ!" ಎಂದ ನಾರಾಯಣ.

ಸುಮಾಳ ಅಜ್ಜಿ ಮೊಮ್ಮಗಳನ್ನು ಸೆರಗಿನೊಳಗೆ ಸುತ್ತಿಕೊಂಡು ಪಕ್ಕದ ತಮ್ಮ ಮನೆಯ ಜಗಲಿಯ ಮೇಲಿದ್ದರು. ನಾನು ಜೀಪಿನಿಂದ ಇಳಿದು ಇವನು ನಮ್ಮ ಟೇಲರ್ ಎಂದರೆ ನಾರಾಯಣ ನನ್ನನ್ನೇ ಮೇಲಿಂದ ಕೆಳಗೆ ನೋಡಿ, "ಹಂಗಾರೆ ಗ್ಯಾಂಗಿಗೆ ಯಜಮಾನ್ತಿ ನೀವಾ?" ಎಂದ.

ಕೋಪದಲ್ಲಿರುವವರ ಎದುರು ಇಲ್ಲ, ಅಲ್ಲ ಎನ್ನುತ್ತ ಕೂರಬಾರದು. ಗಿರಾಕಿಗೂ ಅಷ್ಟೇ, ಗುಂಪಿಗೂ ಅಷ್ಟೇ. ಬೇರೆ ಮಾಲು ತೆಗೆದು ತೋರಿಸಬೇಕು. ನಾನು ಗುಲಾಬಿ ಬಟ್ಟೆ ಬಿಡಿಸಿದೆ. "ನಿಮ್ಮೂರಲ್ಲಿ ಹೊಲಿಗೆ ಮಿಷನ್ನು ಯಾರ ಮನೆಯಲ್ಲಿದೆ? ಈ ಹುರಿಯ ಮೇಲೆ ಈ ಹುಡುಗಿಗೆ ಇವನು ಫ್ರಾಕು ಹೊಲಿಯಲಿ. ಹುಡುಗಿಯನ್ನು ಮುಟ್ಟುವುದು ಬೇಡ, ಹತ್ತಿರ ಬರುವುದೂ ಬೇಡ. ಹೊಲಿಯಲಿಕ್ಕೆ ಬರದಿದ್ದರೆ ನಮ್ಮಿಬ್ಬರನ್ನೂ ಕೂರಿಸಿಕೊಳ್ಳಿ. ಬಂದರೆ ಫ್ರಾಕು ನಿಮಗೆ ಪುಕ್ಕಟೆ."

ಪುಕ್ಕಟೆ ಎಂದಾಗ ಅಜ್ಜಿ ಸೆರಗು ಸ್ವಲ್ಪ ಸಡಿಲಿಸಿದರು. ಮಿಷನ್ನು ಅವರ ಮನೆಯಲ್ಲೇ ಇತ್ತು.

ಸುಬ್ರಾಯಣ್ಣನಿಗೆ ಎರಡು ಸಲ ಸೂಜಿಯ ಕಣ್ಣು ತಪ್ಪಿತು. ಸೂಜಿಗೆ ದಾರ ನಾನೇ ಪೋಣಿಸಿದೆ. ಊರಿಗೆ ಊರೇ ಜಗಲಿಯಲ್ಲಿ ಕೂತು ನೋಡಿತು. ಕತ್ತರಿ ಆಡತೊಡಗಿದ ಮೇಲೆ ಅವನ ಕೈ ತನ್ನಷ್ಟಕ್ಕೆ ದಾರಿ ಹಿಡಿಯಿತು. ಬಿಸಿಲು ಇಳಿಯುವ ಹೊತ್ತಿಗೆ ತೋಳಿಗೆ ಫ್ರಿಲ್ಲು, ಬೆನ್ನಿಗೆ ಕಟ್ಟುವ ಲಾಡಿ ಎಲ್ಲ ಆಗಿ ಫ್ರಾಕು ಸಿದ್ಧವಾಯಿತು. ಅಜ್ಜಿ ಒಳಗೆ ಕರೆದೊಯ್ದು ತೊಡಿಸಿ ಕರೆತಂದರು. ಫ್ರಾಕು ಚೆಂದವಿತ್ತು. ಭುಜ ಮಾತ್ರ ತೋಳಿಗೆ ಜಾರಿತ್ತು, ಅಂಚು ನೆಲ ಗುಡಿಸುತ್ತಿತ್ತು.

"ಅಯ್ಯ, ಕೂಸಿಗೆ ಇದು ದೊಡ್ಡಾತಲಾ!" ಎಂದರು ಅಜ್ಜಿ.

ಸುಬ್ರಾಯಣ್ಣ ಮಿಷನ್ನಿನಿಂದ ತಲೆಯೆತ್ತದೆ, "ಮಳೆಗಾಲಕ್ಕೆ ಅಂತ ನಾಲ್ಕು ಬೆರಳು ಬಿಟ್ಟಿದೆ" ಎಂದ.

ಗುಂಪಿನ ಹಿಂದಿನಿಂದ ಒಬ್ಬ ನುಗ್ಗಿಕೊಂಡು ಮುಂದೆ ಬಂದ. ಅವನ ಕೈಯಲ್ಲಿ ಅವನ ಮಗ, ಮಗನ ಕೈಯಲ್ಲಿ ಜಾರುತ್ತಿದ್ದ ಚಡ್ಡಿ. "ನಾಲ್ಕು ಬೆರಳು! ಹಂಗಾರೆ ಇವನೇ! ಎರಡು ವರ್ಷ ಆಯ್ತು, ನನ್ನ ಮಗ ಒಂದು ಕೈಲಿ ಪಾಟಿ, ಒಂದು ಕೈಲಿ ಚಡ್ಡಿ ಹಿಡ್ಕೊಂಡು ಶಾಲೆಗೆ ಹೋಗೋದು. ಇದನ್ನ ಹೊಲ್ದಿದ್ದು ಯಾರು ಅಂತ ಹುಡುಕ್ತಾ ಇದ್ದೆ!"

"ಹೌದು, ಹೌದು, ನಮ್ಮ ಹುಡುಗಿ ಲಂಗನೂ ಹಿಂಗೇ!" ಎಂದಳು ಇನ್ನೊಬ್ಬಳು. ಒಬ್ಬೊಬ್ಬರೇ ತಮ್ಮ ಮಕ್ಕಳನ್ನು ಎಳೆದು ತಂದು ಸಡಿಲ ಕಾಲರು, ಮೊಳಕೈ ದಾಟಿದ ತೋಳು ತೋರಿಸಿದರು. ಮಕ್ಕಳ ಕಳ್ಳನೆಂಬ ಆರೋಪ ಎಲ್ಲಿ ಹೋಯಿತೋ, ಕೆಟ್ಟ ಟೇಲರ್ ಎಂಬ ಆರೋಪ ಮಾತ್ರ ಸಾಕ್ಷಿ ಸಮೇತ ಸಾಬೀತಾಯಿತು. ನಾರಾಯಣ ಹುರಿಗಳನ್ನು ಒಂದೊಂದೇ ಸುತ್ತಿ ಚೀಲಕ್ಕೆ ಹಾಕಿಕೊಟ್ಟ. ಅಜ್ಜಿ ಮೆಲ್ಲಗೆ, "ಉಣ್ಣದಿದ್ರೆ ಚೀಲದಲ್ಲಿ ಹಾಕ್ಕಂಡು ಹೋಗ್ತ ಹೇಳಿ ಆನೇ ಕೂಸಿಗೆ ದಿನಾ ಹೆದರ್ಸ್ತಿದ್ದೆ. ಪಾಪ, ಅದು ನಂಬಿತ್ತು" ಎಂದರು. ನಮಗೆ ಊಟ ಹಾಕಿಸಿ ಕಳಿಸಿದರು.

ನನಗೆ ಎಲ್ಲ ಮುಗಿಯಿತೆನಿಸಿತು. ಸುಬ್ರಾಯಣ್ಣನಿಗೆ ಮುಗಿದಿರಲಿಲ್ಲ.

ಮರುದಿನದಿಂದ ಅವನು ಅಂಗಡಿಯ ಹಿಂದಿನ ಕೋಣೆ ಬಿಟ್ಟು ಹೊರಗೆ ಬರಲಿಲ್ಲ. ಅಂಗಡಿಗೆ ಬಂದ ಮಕ್ಕಳನ್ನು ನೋಡಿದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುವನು. ಪೆಪ್ಪರಮೆಂಟಿನ ಪೊಟ್ಟಣ ಇರುವೆ ಪಾಲಾಯಿತು. "ಅಳತೆಗೆ ಬೇರೆಯವ್ರನ್ನ ಕಳಿಸಿ ಸರೋಜಕ್ಕಾ. ಕಿರುಚಿತಲ್ಲ ಅದು, ಆ ಮುಖ ಕಣ್ಣಿಂದ ಹೋಗುದಿಲ್ಲ. ಇನ್ನು ನಾನು ಮಕ್ಕಳನ್ನ ಮುಟ್ಟುದಿಲ್ಲ" ಎಂದ. ಆಗ ನಾನು ಕೊಡಿಸಿದ್ದು ಆ ಟೇಪು. ಕುತ್ತಿಗೆಗೆ ಹಾಕಿಕೊಂಡರೆ ದೂರದಿಂದಲೇ ಟೇಲರ್ ಎಂದು ಗೊತ್ತಾಗುತ್ತದೆ, ಯಾರೂ ಹೆದರುವುದಿಲ್ಲ ಎಂದು ಪರಿಪರಿಯಾಗಿ ಹೇಳಿದೆ. ಎಂಥ ಹಟಮಾರಿ ಗಿರಾಕಿಯನ್ನೂ ಒಪ್ಪಿಸಿದ ನಾನು ಅವನೆದುರು ಸೋತೆ. ಟೇಪು ಮೊಳೆಯ ಮೇಲೆ ನೇತಾಡಿತು.

ಶಾಲೆ ತೆರೆಯಲು ಇನ್ನು ಸ್ವಲ್ಪವೇ ದಿನವಿದ್ದಾಗ ಆ ಅಜ್ಜಿ ಮೊಮ್ಮಗಳನ್ನು ಕರೆದುಕೊಂಡು ಬಸ್ಸಿನಲ್ಲಿ ಸಿರ್ಸಿಗೆ ಬಂದರು. ಫ್ರಾಕು ಸಣ್ಣ ಮಾಡಿಸಬೇಕಂತೆ. ನಾನು ಅಜ್ಜಿಯ ಹತ್ತಿರ ಮಾತಾಡುತ್ತಿದ್ದಂತೆ ಸುಮಾ ಒಳಕೋಣೆಗೆ ಹೋಗಿಬಿಟ್ಟಿದ್ದಳು. ನಾವು ಹೋಗಿ ನೋಡಿದರೆ ಖಾಕಿ ಚೀಲದೊಳಗೆ ಕಾಲಿಟ್ಟು ಸೊಂಟದವರೆಗೆ ಇಳಿದು ನಿಂತಿದ್ದಾಳೆ. ಸುಬ್ರಾಯಣ್ಣ ಕೈ ಹಿಂದೆ ಕಟ್ಟಿ ಗೋಡೆಗೆ ಅಂಟಿಕೊಂಡಿದ್ದಾನೆ. ಹೆದರಿದವನು ಈಗ ಅವನು.

"ಜಾಗ ಇದ್ದು ಹೇಳಿ ನೀನೇ ಹೇಳಿದ್ದೆ ಅಲ್ದಾ?" ಎಂದು ಹುಡುಗಿ ಜಬರಿಸಿದಳು. "ಎನ್ನ ಎತ್ತು!"

ಸುಬ್ರಾಯಣ್ಣ ಅಜ್ಜಿಯ ಮುಖ ನೋಡಿದ. ಅಜ್ಜಿ, "ಎತ್ತೋ ಮಾರಾಯಾ. ಹಂಗೇ ಎರಡು ದಿನ ಇಟ್ಗ. ಮನೇಲಿ ಇದ್ರ ಕಾಟ ತಡಿಯಲಾಗ್ತಿಲ್ಲೆ" ಎಂದರು.

ಅವನು ಎತ್ತಿದ. ಹಿಡಿದೆತ್ತಿ, ತೂಕ ನೋಡುವವನ ಹಾಗೆ ಒಂದು ಸಲ ಮೇಲೆ ಕೆಳಗೆ ಮಾಡಿ, ಇಳಿಸಿ, "ಇನ್ನೂ ದಪ್ಪ ಆಗ್ಬೇಕು. ಈಗ ಮನೆಗೆ ಹೋಗಿ ಉಣ್ಣು" ಎಂದ. ಆಮೇಲೆ ಮುಖ ತಿರುಗಿಸಿ ಬಹಳ ಹೊತ್ತು ಮಿಷನ್ನಿಗೆ ಎಣ್ಣೆ ಬಿಟ್ಟ.

ಮರುದಿನ ಬೆಳಗ್ಗೆ ಮೊದಲ ಬಸ್ಸಿಗೆ ಹೊರಟವನ ಕುತ್ತಿಗೆಯಲ್ಲಿ ಹಳದಿ ಟೇಪು ಇತ್ತು. ಅಲ್ಲಿಂದ ಮುಂದೆ ಅದು ಅವನ ಲೈಸೆನ್ಸು. ಅಳತೆ ತೆಗೆಯುವುದು ಮೊದಲಿನಂತೆ ಹುರಿಯಲ್ಲೇ. ಒಂದು ಬದಲಾಯಿತು. ಯಾವ ಊರಿಗೆ ಹೋದರೂ ಮೊದಲು ಒಬ್ಬ ಅಜ್ಜಿಯನ್ನು ಕರೆದು ಪಕ್ಕದಲ್ಲಿ ಕೂರಿಸಿ ಕವಳ ಕೊಟ್ಟು, ಆಮೇಲೆ ಮಕ್ಕಳ ಅಳತೆಗೆ ಕೈ ಹಚ್ಚುತ್ತಿದ್ದ.

ಎರಡು ಸಾವಿರದ ಇಸವಿ ದಾಟಿ ಕೆಲವು ವರ್ಷಕ್ಕೆ ರೆಡಿಮೇಡ್ ಯೂನಿಫಾರಂಗಳು ಬಂದವು. ಊರೂರು ಅಳತೆಗೆ ಹೋಗುವ ಕೆಲಸ ನಿಂತಿತು. ಸುಬ್ರಾಯಣ್ಣ ಕುಮಟೆಯ ಕಡೆ ಮಗಳ ಮನೆಗೆ ಹೊರಟ. ಬಸ್ ಸ್ಟ್ಯಾಂಡಿಗೆ ನಾನೂ ಹೋಗಿದ್ದೆ. ಬಸ್ಸು ಹತ್ತುವಾಗ ಟೇಪು ತೆಗೆದು ನನ್ನ ಕೈಗಿಟ್ಟು, "ಒಂದು ದಿನನೂ ಬಳಸಲಿಲ್ಲ ಸರೋಜಕ್ಕಾ, ಹೊಸ್ದೇ. ಅಂಗಡಿಯವನಿಗೆ ವಾಪಸ್ ಕೊಟ್ಟು ಹನ್ನೆರಡು ರೂಪಾಯಿ ತಕ್ಕೊಳ್ಳಿ. ಹದಿನೈದು ಕೇಳಿ, ಹನ್ನೆರಡಕ್ಕೆ ಬರ್ತಾನೆ" ಎಂದ. ಬಸ್ಸಿನ ಕಿಟಕಿಯಲ್ಲಿ ಯಾರದೋ ಮಗು ಅಳುತ್ತಿತ್ತು. ಅವನು ಸೀಟಿನಲ್ಲಿ ಕೂರುವ ಮೊದಲೇ ಆ ಮಗುವಿನ ಅಮ್ಮನನ್ನು ಏನೋ ಕೇಳಿ, ಚೀಲದ ಬಾಯಿ ಬಿಚ್ಚಿದ್ದು ಕಂಡಿತು. ಅಳು ನಿಂತಿತು. ಬಸ್ಸು ಹೊರಟಿತು. ಎರಡು ಮಳೆಗಾಲ ಕಳೆದ ಮೇಲೆ ಅವನು ತೀರಿಹೋದ ಸುದ್ದಿ ಬಂತು. ಟೇಪು ನನ್ನ ಗಲ್ಲಾಪೆಟ್ಟಿಗೆಯ ಹಿಂದಿನ ಮೊಳೆಯ ಮೇಲಿದೆ. ಮಾರಾಟಕ್ಕಿಲ್ಲ.

ಓದುವವರಿಗೆ ನನ್ನದು ಇಷ್ಟೇ ಮಾತು. ಗುರುತಿಲ್ಲದ ಊರಿಗೆ ಕೆಲಸಕ್ಕೆ ಹೋಗುವವರು ಮಕ್ಕಳನ್ನು ಮಾತಾಡಿಸುವ ಮೊದಲು ಮನೆಯ ಹಿರಿಯ ಹೆಂಗಸಿನ ಹತ್ತಿರ ನೀರು ಕೇಳಿ ಕುಡಿಯಿರಿ, ಬಂದ ಕೆಲಸ ಹೇಳಿ. ಮಗು ಉಣ್ಣದಿದ್ದರೆ ತುಪ್ಪ ಜಾಸ್ತಿ ಹಾಕಿ ನೋಡಿ, ದಾರಿಹೋಕರನ್ನು ಗುಮ್ಮ ಮಾಡಬೇಡಿ. ಹೊಸಬನ ಮೇಲೆ ಅನುಮಾನ ಬಂದರೆ ಕೇಳಿ, ಕೇಳಲೇಬೇಕು. ಆದರೆ ಕೈ ಎತ್ತುವ ಮೊದಲು ಅವನ ಕಸುಬು ಯಾವುದೆಂದು ಕೇಳಿ, ನಿಮ್ಮೆದುರೇ ಒಂದು ತಾಸು ಮಾಡಿ ತೋರಿಸು ಎನ್ನಿ. ಸುಳ್ಳಾದರೆ ಅಷ್ಟರಲ್ಲಿ ಗೊತ್ತಾಗುತ್ತದೆ, ನಿಜವಾದರೆ ಮನೆಗೊಂದು ಫ್ರಾಕು ಉಳಿಯುತ್ತದೆ. ಮತ್ತೆ ಮಕ್ಕಳ ಬಟ್ಟೆ ಹೊಲಿಸುವಾಗ ಟೇಲರ್ ಮಳೆಗಾಲಕ್ಕೆಂದು ನಾಲ್ಕು ಬೆರಳು ಬಿಡುತ್ತೇನೆ ಎಂದರೆ ಕೂಡಲೇ ಒಪ್ಪಬೇಡಿ. ಒಂದರಿಂದ ಶುರುಮಾಡಿ, ಎರಡಕ್ಕೆ ನಿಲ್ಲಿಸಿ.