ಮೀಸಲು ಬೆಲ್ಲದ ಗಾಲಿ

ಆಗ ನಮ್ಮ ಕಡೆ ಪಂಪ್‌ಸೆಟ್ಟಿಗೆ ಕರೆಂಟು ಬರುತ್ತಿದ್ದುದೇ ಊರೆಲ್ಲ ಉಂಡು ಮಲಗಿದ ಮೇಲೆ. ನಿಮ್ಮ ಮನೆಯಲ್ಲೂ ಯಾರಾದರೊಬ್ಬರು ಕಂಬಳಿ ಹೊದ್ದು, ಟಾರ್ಚು ಹಿಡಿದು, ಆ ಹೊತ್ತಿನಲ್ಲಿ ಗದ್ದೆಗೆ ಹೋಗಿರುತ್ತಾರೆ. ಮಿಕ್ಕವರು ಅವರು ಬರುವ ತನಕ ಅರೆನಿದ್ದೆಯಲ್ಲಿ ಹೊರಳಾಡಿರುತ್ತೀರಿ. ದುದ್ದದ ಹತ್ತಿರದ ನಮ್ಮೂರಲ್ಲಿ, ನಮ್ಮ ಮನೆಯಿಂದ ಹಾಗೆ ಹೋಗುತ್ತಿದ್ದವನು ಅಪ್ಪ. ಒಂದು ಸಲ ಅವನ ಕಾಲಿನ ಪಕ್ಕದಲ್ಲೇ ಕೊಳಕುಮಂಡಲ ಸರಿದು ಹೋಯಿತಂತೆ. ಬೆಳಿಗ್ಗೆ ಅಪ್ಪ ಅದನ್ನು ನಗುನಗುತ್ತಾ ಹೇಳಿದ. ಚಿಕ್ಕಪ್ಪ ಮಾತ್ರ ನಗಲಿಲ್ಲ.

ಚಿಕ್ಕಪ್ಪ ಜವರ ಪಿಯುಸಿ ಸೈನ್ಸಿನಲ್ಲಿ ಡುಮ್ಕಿ ಹೊಡೆದು, ಮಂಡ್ಯದಿಂದ ಟ್ರಂಕು ಹೊತ್ತುಕೊಂಡು ಊರಿಗೆ ವಾಪಸು ಬಂದಿದ್ದವನು. ಊರವರಿಗೆ ಇಷ್ಟು ಸಾಕಲ್ಲ, ‘ಇಂಜಿನಿಯರ್ರು’ ಅಂತ ಹೆಸರಿಟ್ಟರು. ಅವನು ಕೊಟ್ಟಿಗೆಯಲ್ಲಿ ಹಳೇ ಗಾಡಿಯ ಒಂದು ಗಾಲಿಯನ್ನು ಎರಡು ಕಂಬಗಳ ನಡುವೆ ನಿಲ್ಲಿಸಿ, ಕೀಲೆಣ್ಣೆ ಹಾಕಿ, ಅದು ತನ್ನಷ್ಟಕ್ಕೆ ತಾನೇ ತಿರುಗುವ ಹಾಗೆ ಮಾಡುತ್ತೇನೆ ಅಂತ ಹೊರಟಿದ್ದ. ಕರೆಂಟು ಬೇಡ, ಎತ್ತು ಬೇಡ, ಡೀಸೆಲ್ ಬೇಡ. ಗಾಲಿ ತಿರುಗಿದರೆ ಪಂಪು ತಿರುಗುತ್ತದೆ, ಪಂಪು ತಿರುಗಿದರೆ ಹಗಲು ಹೊತ್ತೇ ನೀರು.

“ನಿಮ್ಮಪ್ಪ ರಾತ್ರಿ ಗದ್ದೆಗೆ ಓಗೋದು ತಪ್ಪಬೇಕು ಕಣ್ ಮಗ, ಅಷ್ಟೇಯ,” ಅನ್ನುತ್ತಿದ್ದ ನನಗೆ. ಮನೆಯಲ್ಲಿ ಅವನ ಮಾತಿಗೆ ಕಿವಿ ಕೊಡುತ್ತಿದ್ದವಳು ನಾನೊಬ್ಬಳೇ. ನನಗಾಗ ಎಂಟೋ ಒಂಬತ್ತೋ ವಯಸ್ಸು.

ಗಾಲಿಯ ನಡುವಿನಿಂದ ಅಂಚಿಗೆ ಹೋಗುವ ಒಂದೊಂದು ಅರಕ್ಕೂ ಒಂದೊಂದು ಮಡಚುವ ಕೋಲು ಕಟ್ಟಿದ್ದ. ಕೋಲಿನ ತುದಿಗೆ ತೂಕದ ಗಂಟು. ಗಂಟು ಕೆಳಗಿಳಿಯುವಾಗ ಕೋಲು ಹೊರಕ್ಕೆ ಚಾಚಿಕೊಂಡು ಜೋರಾಗಿ ಜಗ್ಗಬೇಕು, ಮೇಲೇರುವಾಗ ಒಳಕ್ಕೆ ಮಡಚಿಕೊಂಡು ಹಗುರಾಗಬೇಕು. ಇದು ಅವನ ಲೆಕ್ಕ. ಮೊದಲು ಕಲ್ಲು ಕಟ್ಟಿದ. ಒಂದು ದಪ್ಪ, ಒಂದು ಸಣ್ಣ ಆಯಿತು. ಮರಳಿನ ಗಂಟು ಕಟ್ಟಿದ, ಸೋರಿಹೋಯಿತು. ಗಾಲಿಯನ್ನು ಕೈಯಿಂದ ನೂಕಿದರೆ ನಾಲ್ಕು ಸುತ್ತು ಹೊಡೆದು, ಮುನಿಸಿಕೊಂಡ ಎಮ್ಮೆಯ ಹಾಗೆ ನಿಂತುಬಿಡುತ್ತಿತ್ತು. “ತೂಕ ಒಂದೇ ಸಮ ಇಲ್ಲ, ಅದ್ಕೇಯ,” ಅನ್ನುತ್ತಿದ್ದ ಚಿಕ್ಕಪ್ಪ. “ಈ ಸಲದ ಆಲೆ ಮುಗಿಯೋವರ್ಗೂ ನೋಡ್ತೀನಿ. ಆಮೇಲೆ ನೇಗಿಲು ಇಡ್ಕೊ ಸುಮ್ನೆ,” ಅಂದುಬಿಟ್ಟಿದ್ದ ಅಪ್ಪ.

ಅಷ್ಟರಲ್ಲಿ ಕಬ್ಬು ಅರೆದು ಬೆಲ್ಲ ಕಾಯಿಸುವ ಆಲೆ ಶುರುವಾಯಿತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುವ ಆ ಘಮ ನಿಮಗೆ ಗೊತ್ತಿದ್ದರೆ ನಾನು ಹೇಳಬೇಕಾಗಿಲ್ಲ. ಗೊತ್ತಿಲ್ಲದಿದ್ದರೆ ಹೇಳಿಯೂ ಪ್ರಯೋಜನವಿಲ್ಲ. ಆಲೆಮನೆಗೆ ಬಂದವರು ಯಾರೇ ಆಗಲಿ, ಹೊಟ್ಟೆ ತುಂಬ ಹಾಲು ಕುಡಿಯಬಹುದು, ಬಿಸಿ ಬೆಲ್ಲ ನೆಕ್ಕಬಹುದು. ಆದರೆ ಮೊದಲ ಕೊಪ್ಪರಿಗೆಯ ಬೆಲ್ಲ ಮಾತ್ರ ಊರ ಮಾರಮ್ಮನಿಗೆ ಮೀಸಲು. ಅದನ್ನು ಅಚ್ಚಿಗೆ ಹೊಯ್ದು ಅಟ್ಟದ ಮೇಲಿಟ್ಟರೆ, ಆಲೆ ಮುಗಿದು ಅಮ್ಮನಿಗೆ ತಂಬಿಟ್ಟಾಗುವ ತನಕ ಯಾರೂ ಬಾಯಿಗಿಡುವಂತಿಲ್ಲ.

ಚಿಕ್ಕಪ್ಪನ ಕಣ್ಣು ಬಿದ್ದದ್ದು ಅದರ ಮೇಲೆ. ಒಂದೇ ಅಚ್ಚಿನಲ್ಲಿ ಹೊಯ್ದ ಬೆಲ್ಲ, ಎಲ್ಲ ಒಂದೇ ತೂಕ. ಮೇಲಾಗಿ ಮೀಸಲು, ಇಲಿ ಬಿಟ್ಟರೆ ಇನ್ಯಾರೂ ಮುಟ್ಟುವುದಿಲ್ಲ.

“ತಿನ್ನಾಕಲ್ಲ ಕಣವ್ವ, ತೂಕುಕ್ಕೆ. ಅಮ್ಮಂಗೆ ಒಂದು ಚೂರೂ ಕಮ್ಮಿ ಆಗ್ದಂಗೆ ವಾಪಸ್ ಕೊಡ್ತೀನಿ,” ಅಂತ ಅಜ್ಜಿಯ ಕಾಲು ಹಿಡಿದ.

“ಮಡೀಲಿ ಕಟ್ಟು. ಎಚ್ಚುಕಮ್ಮಿ ಆದ್ರೆ ಅಮ್ಮ ಬುಡಾಕಿಲ್ಲ,” ಅಂದಳು ಅಜ್ಜಿ. ಒಗೆದ ಬಿಳಿ ಬಟ್ಟೆಯಲ್ಲಿ ಅಚ್ಚುಗಳನ್ನು ಕಟ್ಟಿ, ಚಿಕ್ಕಪ್ಪ ಗಾಲಿಗೆ ತೂಗುಹಾಕಿದ. ಹೊಂದಿಸುವ ಕೆಲಸ ಮುಗಿಯುವ ತನಕ ಅಲುಗಬಾರದು ಅಂತ ಅರಕ್ಕೆ ಗೂಟ ಕೊಟ್ಟಿಟ್ಟ.

ಅದೇ ವಾರ ನನಗೆ ನಾಯಿಕೆಮ್ಮು. ಆಲೆಮನೆ ಕಡೆ ತಲೆ ಹಾಕಬೇಡ, ಸಿಹಿ ಮುಟ್ಟಬೇಡ ಅಂತ ಅವ್ವನ ಅಪ್ಪಣೆ. ಮನೆಮಂದಿಯೆಲ್ಲ ಆಲೆಮನೆಯಲ್ಲಿ, ನಾನೊಬ್ಬಳು ಕರುವಿನ ಜೊತೆ ಕೊಟ್ಟಿಗೆಯಲ್ಲಿ. ಗಾಳಿಯಲ್ಲೆಲ್ಲ ಬೆಲ್ಲದ ವಾಸನೆ. ಮೊದಲ ದಿನ ಗಂಟು ಬಿಚ್ಚಿ ಬರೀ ಮೂಸಿದೆ. ಮಾರನೇ ದಿನ ಒಂದು ಮೂಲೆ ಕಚ್ಚಿದೆ. ಆಮೇಲೆ ಕೇಳಬೇಕೆ? ಗೋಡೆಯ ಕಡೆಯ ಗಂಟುಗಳು ನನ್ನ ಕೈಗೆ ಎಟುಕುತ್ತಿದ್ದವು, ಬಾಗಿಲಿನಿಂದ ನೋಡಿದವರಿಗೆ ಕಾಣುತ್ತಿರಲಿಲ್ಲ. ತಿಂದಷ್ಟೂ ತಿಂದು, ಬಟ್ಟೆಯನ್ನು ಇದ್ದ ಹಾಗೇ ಕಟ್ಟಿಡುತ್ತಿದ್ದೆ. ರಾತ್ರಿ ಕೆಮ್ಮು ಬಂದಾಗಲೆಲ್ಲ ಮಾರಮ್ಮನೇ ಗಂಟಲು ಹಿಸುಕುತ್ತಿದ್ದಾಳೆ ಅನ್ನಿಸುತ್ತಿತ್ತು. ಹಗಲಾದರೆ ಮತ್ತೆ ಬಾಯಿ ನೀರೂರುತ್ತಿತ್ತು.

ಒಂದು ದಿನ ಚಿಕ್ಕಪ್ಪ ಬಂದು ಗೂಟ ಕಿತ್ತ. ನೂಕಬೇಕು ಅಂತ ಕೈ ಎತ್ತಿದ್ದನಷ್ಟೆ. ಮುಟ್ಟುವ ಮೊದಲೇ ಗಾಲಿ ತಾನಾಗಿ ಹೊರಟಿತು. ಕಿರ್ರೋ ಅಂತ ಅರ್ಧ ಸುತ್ತು ಬಂದು, ಹಿಂದಕ್ಕೆ ಜೀಕಿ, ಮತ್ತೆ ಮುಂದಕ್ಕೆ ಬಂದು ನಿಂತಿತು.

ಚಿಕ್ಕಪ್ಪ ನನ್ನನ್ನು ಎತ್ತಿ ಹೆಗಲ ಮೇಲೆ ಕೂರಿಸಿಕೊಂಡು ಕುಣಿದ. “ಕೈ ತಾಕಿಸ್ಲಿಲ್ಲ ಕಣ್ ಮಗ! ನೀನೇ ನೋಡ್ದಲ್ಲ? ಇನ್ನ ಒಂಚೂರು ಎಣ್ಣೆ ಬಿದ್ರೆ ಸುತ್ತು ಪೂರಾ ಒಡೀತದೆ!”

ಅವನ ಕಿವಿ ನನ್ನ ಬಾಯಿಯ ಹತ್ತಿರವೇ ಇತ್ತು. ಬೆಲ್ಲ ತಿಂದದ್ದನ್ನು ಹೇಳಬೇಕಾಗಿದ್ದುದು ಆಗ. ಒಂದು ಮಾತು ಪಿಸುಗುಟ್ಟಿದ್ದರೆ ಅದು ನಮ್ಮಿಬ್ಬರಲ್ಲೇ ಉಳಿದುಹೋಗುತ್ತಿತ್ತು. ನಾನು ಹೇಳಲಿಲ್ಲ. ನನ್ನನ್ನು ಇಳಿಸಿ ಅವನು ಆಲೆಮನೆಗೆ ಓಡಿದ.

ಆಲೆಮನೆಯೇ ಎದ್ದು ನಮ್ಮ ಕೊಟ್ಟಿಗೆಗೆ ಬಂತು. ಅಪ್ಪ, ಅವ್ವ, ಅಜ್ಜಿ, ಬೆಲ್ಲ ಕಾಯಿಸುವ ಸಣ್ಣಪ್ಪ, ಕಬ್ಬು ಸವರುವವರು, ಯಾರಿಲ್ಲ? ಚಿಕ್ಕಪ್ಪ ಗಾಲಿಯನ್ನು ಮೊದಲಿನ ಜಾಗಕ್ಕೆ ತಂದು ಬಿಟ್ಟ. ಮತ್ತೆ ತಾನಾಗಿ ಹೊರಟಿತು. ಎಲ್ಲರೂ ಹೋ ಅಂದರು. ಅಪ್ಪ ತಮ್ಮನ ಬೆನ್ನ ಮೇಲೆ ಕೈಯಿಟ್ಟ. ಅಪ್ಪ ಅವನನ್ನು ಹಾಗೆ ಮುಟ್ಟಿದ್ದನ್ನು ನಾನು ಅದೇ ಮೊದಲು ನೋಡಿದ್ದು. ಅಜ್ಜಿ ಒಳಗಿನಿಂದ ಅರಿಸಿನ ಕುಂಕುಮ ತಂದು ಗಾಲಿಗೆ ಇಟ್ಟಳು. “ಮೀಸಲು ಬೆಲ್ಲ ಕಣ್ರಪ್ಪ. ಅಮ್ಮನೇ ತಿರುಗುಸ್ತಾವ್ಳೆ,” ಅಂತ ಕೈ ಮುಗಿದಳು. ಒಬ್ಬೊಬ್ಬರೇ ಕೈ ಮುಗಿಯತೊಡಗಿದರು.

ನನಗೆ ತಡೆಯಲಾಗಲಿಲ್ಲ. ಅಮ್ಮನ ಹೆಸರು ಬಂದದ್ದೇ ಎದೆ ಒಡೆದುಹೋಯಿತು. “ಬೆಲ್ಲ ನಾನ್ ತಿಂದ್ಬುಟ್ಟೆ!” ಅಂತ ಕಿರುಚಿ ಅಳತೊಡಗಿದೆ.

ಸಣ್ಣಪ್ಪ ಹಗುರಾಗಿ ಮೇಲೇರಿ ನಿಂತಿದ್ದ ಗಂಟೊಂದನ್ನು ಬಿಚ್ಚಿದ. ಅರ್ಧ ಅಚ್ಚು, ಅದರ ಮೇಲೆ ಹಲ್ಲಿನ ಗುರುತು. ಇನ್ನೊಂದು ಬಿಚ್ಚಿದ. ಅದೂ ಹಾಗೇ. ಅದನ್ನು ಎತ್ತಿ ಎಲ್ಲರಿಗೂ ತೋರಿಸುತ್ತಾ ಅಂದ:

“ಏನ್ಲಾ ಇಂಜಿನಿಯರ್ರೇ, ನಿನ್ ಗಾಲಿ ಓಡ್ಸಿದ್ದು ಈ ಮಗೀನ ಹಲ್ಲು ಕಣ್ಲಾ!”

ಆ ನಗುವಿಗೆ ಕರು ಬೆದರಿ ಹಗ್ಗ ಜಗ್ಗಿತು. ಅಪ್ಪನೂ ನಕ್ಕ. ಚಿಕ್ಕಪ್ಪನೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚಾಗಿಯೇ ನಕ್ಕ. ಅಜ್ಜಿ ನನ್ನ ಬಾಯಿ ತೊಳೆಸಿ, “ಮಕ್ಳು ತಿಂದ್ರೆ ಅಮ್ಮ ತಿಂದಂಗೆಯ, ಅಳಬ್ಯಾಡ,” ಅಂತ ಸೆರಗಿನಲ್ಲಿ ಮುಖ ಒರೆಸಿದಳು. ದೇವರು ಕ್ಷಮಿಸಿದಳು, ಮನೆಯವರು ಕ್ಷಮಿಸಿದರು. ಅವತ್ತು ನಾನು ಕೆಮ್ಮಿಲ್ಲದೆ ಸೊಗಸಾಗಿ ನಿದ್ದೆ ಮಾಡಿದೆ. ಬೆಲ್ಲ ಕದ್ದದ್ದಕ್ಕೆ ಈಗ ನನಗೆ ಬೇಸರವಿಲ್ಲ. ಆ ನಿದ್ದೆ ನೆನೆದರೆ ಮೈ ಹಿಡಿಯಾಗುತ್ತದೆ. ನನ್ನ ಎದೆಯ ಭಾರ ಇಳಿಸಿಕೊಳ್ಳಲು ಚಿಕ್ಕಪ್ಪನ ಮಾನವನ್ನು ಊರ ಮುಂದೆ ಹಾಕಿ ಮಲಗಿದ್ದೆ ನಾನು.

ಮಾರನೇ ಬೆಳಿಗ್ಗೆ ಚಿಕ್ಕಪ್ಪ ಗಾಲಿ ಬಿಚ್ಚಿದ. “ಇರ್ಲಿ ಬುಡ್ಲಾ, ಆಲೆ ಮುಗೀಲಿ,” ಅಂತ ಅಪ್ಪನೇ ಹೇಳಿದರೂ ಕೇಳದೆ, ಅದನ್ನು ಸೀಳಿ ಆಲೆಮನೆಯ ಒಲೆಗೆ ಕೊಟ್ಟ. ನನ್ನ ಮೇಲೆ ಒಂದು ದಿನವೂ ರೇಗಲಿಲ್ಲ. ನೇಗಿಲು ಹಿಡಿದ, ಮದುವೆಯಾದ, ಬೋರು ಕೊರೆಸಿದ. “ಜವರ ಸರಿಹೋದ,” ಅಂತ ಊರೆಲ್ಲ ಮೆಚ್ಚಿಕೊಂಡಿತು. ಅಪ್ಪ ಕೊನೆಯ ತನಕ ರಾತ್ರಿಯೇ ಗದ್ದೆಗೆ ಹೋದ.

ನಾನು ಈಗ ಮಳವಳ್ಳಿಯ ಹೈಸ್ಕೂಲೊಂದರಲ್ಲಿ ವಿಜ್ಞಾನದ ಟೀಚರು. ಅಂಥ ಗಾಲಿ ಯಾಕೆ ತಿರುಗುವುದಿಲ್ಲ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಹೊರಕ್ಕೆ ಚಾಚಿದ ತೂಕ ಜೋರಾಗಿ ಜಗ್ಗುತ್ತದೆ ನಿಜ, ಆದರೆ ಒಳಕ್ಕೆ ಮಡಚಿದ ಕಡೆ ಯಾವಾಗಲೂ ಹೆಚ್ಚು ತೂಕಗಳಿರುತ್ತವೆ. ಸರಿಗೆ ಸರಿ. ಎಷ್ಟು ಆಲೆ ಕಾದರೂ ಅವನ ಗಾಲಿ ತಿರುಗುತ್ತಿರಲಿಲ್ಲ. ಆದರೆ ಅದನ್ನು ಅವನೇ ಕಂಡುಕೊಂಡಿದ್ದರೆ ಇನ್ನೊಂದು ಗಾಲಿಗೆ, ಇನ್ಯಾವುದಕ್ಕೋ ಕೈ ಹಾಕುತ್ತಿದ್ದನೇನೋ. ಅವನ ಆ ಅವಕಾಶವನ್ನೇ ನಾನು ಕಿತ್ತುಕೊಂಡೆ.

ಚಿಕ್ಕಪ್ಪ ಈಗ ಮಂಡ್ಯದ ಗುತ್ತಲಿನಲ್ಲಿ ಮಗನ ಜೊತೆ ಇದ್ದಾನೆ. ಈಚೆಗೆ ಮಗಳನ್ನು ಕರೆದುಕೊಂಡು ಹೋಗಿದ್ದೆ. ಸ್ಕೂಲಿನ ವಿಜ್ಞಾನ ಪ್ರದರ್ಶನಕ್ಕೆ ಏನಾದರೂ ಮಾಡಬೇಕಿತ್ತು ಅವಳು. ತಲೆಯಲ್ಲಿ ಏನೋ ಇಟ್ಟುಕೊಂಡು, ಕಣ್ಣರಳಿಸಿ, ಅವನ ಮುಂದೆ ಕೂತು ಕೈ ತಿರುಗಿಸುತ್ತಾ ವಿವರಿಸಿದಳು. ಅವನು ಪೂರ್ತಿ ಕೇಳಿಸಿಕೊಂಡ. ಆಮೇಲೆ ಅವಳ ತಲೆ ಸವರಿದ.

“ಪ್ಯಾಟೇಲಿ ಮಾಡಿರೋದೇ ಸಿಗ್ತದೆ ಕಣವ್ವ, ನಾಳೀಕೆ ತಂದ್ಕೊಟ್ಟುಬುಡ್ತೀನಿ. ನಾವೇ ಮಾಡಕ್ಕೋಗಿ ಜನರ ಕೈಲಿ ಯಾಕೆ ನಗಿಸ್ಕೋಬೇಕು?”

ನನ್ನ ಕಡೆ ನೋಡಿ ಹೇಳಲಿಲ್ಲ. ಚುಚ್ಚಿ ಹೇಳಿದ್ದೂ ಅಲ್ಲ. ಪ್ರೀತಿಯಿಂದಲೇ ಹೇಳಿದ. ಮಗಳು ತಿರುಗಿಸುತ್ತಿದ್ದ ಕೈಯನ್ನು ಮಡಿಲಲ್ಲಿಟ್ಟುಕೊಂಡು, “ಸರಿ ತಾತ,” ಅಂದಳು.