ಉಗಿಯ ಹೆಸರು ಹೆವೆಲ್

ನನ್ನ ತಂಗಿ ನನಗಿಂತ ಚೆನ್ನಾಗಿ ಅನ್ನ ಮಾಡುತ್ತಿದ್ದಳು. ಇದನ್ನು ಬರೆಯಲು ನನಗೆ ಈಗಲೂ ಮನಸ್ಸಿಲ್ಲ. ನಾನು ಓದಿದ್ದು ಎರಡನೇ ಕ್ಲಾಸು, ಅಕ್ಷರ ಕೂಡಿಸಿ ಕೂಡಿಸಿ ಬರೆಯುವವಳು. ಸುತ್ತಿಬಳಸಿ ಹೇಳಲು ಬರುವುದಿಲ್ಲ.

ಸಿರುಗುಪ್ಪದಲ್ಲಿ ನಮ್ಮವ್ವ ಮಂದಿಯ ಭತ್ತ ಕುದಿಸಿ ಕೊಡುತ್ತಿದ್ದಳು. ಕಟ್ಟಿಗೆ ಹೊರುವುದು, ಕಾಲುವೆಯಿಂದ ನೀರು ತರುವುದು ದೊಡ್ಡವಳಾದ ನನ್ನ ಪಾಲು. ನಾನು ಎಡಚಿ ಬೇರೆ, ಅದಕ್ಕೂ ಬೈಗುಳ. ಹಂಡೆಯಿಂದ ಉಗಿ ಏಳತೊಡಗಿದರೆ ಅವ್ವ ತಂಗಿಯನ್ನು ಕರೆಯುತ್ತಿದ್ದಳು. ಅವಳು ಮೂಗು ಚಾಚಿ ಉಗಿ ಮೂಸಿ, ಆಯಿತು ಅಥವಾ ಇನ್ನೂ ಬೇಕು ಅನ್ನುತ್ತಿದ್ದಳು. ಒಂದು ದಿನ ನಾನೂ ಮೂಸಿ ಆಯಿತು ಅಂದೆ. ಅವ್ವ ತಂಗಿಯ ಮುಖ ನೋಡಿದಳು. ಅವಳು ತಲೆಯಾಡಿಸಿದ ಮೇಲೆಯೇ ಹಂಡೆ ಇಳಿದದ್ದು. ಆಗ ನನಗೆ ಹತ್ತು ವರ್ಷ. ಆ ಸಿಟ್ಟು ಇನ್ನೂ ಆರಿಲ್ಲ.

ಗಂಡ ಸತ್ತ ಮೇಲೆ ನಾನು ಬಳ್ಳಾರಿಗೆ ಬಂದೆ. ಅಪ್ಪನ ಕಾಲಕ್ಕೇ ನಾವು ಕ್ರಿಸ್ತಿಯವರಾಗಿದ್ದೆವು. ಗಾಂಧಿನಗರದಲ್ಲಿ ನಮ್ಮ ಗುಡಿಯವರು, ಅಂದರೆ ಚರ್ಚಿನವರು, ನಡೆಸುತ್ತಿದ್ದ ಹುಡುಗಿಯರ ಹಾಸ್ಟೆಲ್ಲಿನಲ್ಲಿ ಅಡುಗೆ ಕೆಲಸ ಸಿಕ್ಕಿತು. ಅಡುಗೆಮನೆಯ ಹಿಂದೆ ಒಂದು ಖೋಲಿ ಕೊಟ್ಟರು. ನನಗೆ ಮಕ್ಕಳಿಲ್ಲ, ತವರಿಲ್ಲ. ಆ ಖೋಲಿಯೇ ಎಲ್ಲ. ಎಪ್ಪತ್ತನೇ ಇಸವಿಯ ಆಚೀಚೆ ತಂಗಿಯ ಗಂಡನೂ ಹೋದ. ಅವಳು ಕುರುಗೋಡಿನ ಅತ್ತೆಮನೆಯಿಂದ ಟ್ರಂಕು ಹೊತ್ತು ಬಂದಳು. ನಾನೇ ಕರೆದಿದ್ದೆ. ನನ್ನ ಕೈಕೆಳಗೆ ಇರಲಿ ಎಂದು ಕರೆದದ್ದು.

ಒಂದು ತಿಂಗಳೂ ಆಗಿರಲಿಲ್ಲ, ಹುಡುಗಿಯರು ತಟ್ಟೆ ಹಿಡಿದು ಕೇಳತೊಡಗಿದರು, ಇವತ್ತು ಅನ್ನ ಚಿಕ್ಕಮ್ಮನದೋ ದೊಡ್ಡಮ್ಮನದೋ ಎಂದು. ದೊಡ್ಡಮ್ಮನದು ಅಂದರೆ ಒಂದೇ ಸೌಟು ಹಾಕಿಸಿಕೊಳ್ಳುವರು. ಅಷ್ಟರಲ್ಲಿ ವಾರ್ಡನ್ ಅಮ್ಮನವರು ಇಬ್ಬರನ್ನು ಇಟ್ಟುಕೊಳ್ಳಲು ಆಗುವುದಿಲ್ಲ, ಸುಗ್ಗಿಯ ಆರಾಧನೆಯ ಊಟ ಮುಗಿಯಲಿ, ಆಮೇಲೆ ಒಬ್ಬಳು ಸಾಕು ಅಂದರು. ಯಾರನ್ನು ಬಿಡುತ್ತಾರೆಂದು ನನಗೆ ಗೊತ್ತಿತ್ತು.

ಆ ವಾರವೇ ಗುಡಿಯ ಪಾದ್ರಿ ಅಯ್ಯನವರು ಬೇವಿನ ಮರದ ಕೆಳಗೆ ನಮ್ಮಂಥ ಓದು ಕಡಿಮೆಯ ಹೆಂಗಸರಿಗೆ ಪಾಠ ಹೇಳಿದರು. ಭೂಮಿಯ ಮೇಲಿನ ಮೊದಲ ಅಣ್ಣತಮ್ಮಂದಿರ ಕಥೆ. ಇಬ್ಬರೂ ಕಾಣಿಕೆ ತಂದರು, ದೇವರು ತಮ್ಮನದನ್ನು ಮೆಚ್ಚಿದ, ಅಣ್ಣ ಹೊಟ್ಟೆಕಿಚ್ಚಿಗೆ ತಮ್ಮನನ್ನು ಕೊಂದ. ಅಯ್ಯನವರು ಬೈಬಲ್ಲಿನ ಮೂಲ ಭಾಷೆ ಇಬ್ರಿಯ, ಅಂದರೆ ಹೀಬ್ರೂ, ಕಲಿತವರು. ನಾವು ಹೇಬೆಲ ಅನ್ನುವ ಆ ತಮ್ಮನ ಹೆಸರು ಮೂಲದಲ್ಲಿ ಹೆವೆಲ್ ಎಂದರು. ಕನ್ನಡಕ ತೆಗೆದು ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟರು. ಗಾಜು ಮಬ್ಬಾಯಿತು, ನೋಡುತ್ತಿದ್ದಂತೆ ತಿಳಿಯಾಯಿತು. ಇದೇ ಹೆವೆಲ್, ಉಸಿರು, ಉಗಿ, ಹಿಡಿಯಲು ಹೋದರೆ ಇಲ್ಲ, ಅಂದರು. ಎಲ್ಲ ಇದ್ದ ಒಬ್ಬ ರಾಜ ಕೊನೆಗೆ ಬದುಕೆಲ್ಲ ಹೆವೆಲ್ ಎಂದನಂತೆ. ಕನ್ನಡಕ್ಕೆ ತಂದವರು ಅದನ್ನು ವ್ಯರ್ಥ ಎಂದು ಬರೆದರಂತೆ.

ನನಗೆ ತಡೆಯಲಿಲ್ಲ.

"ಅಯ್ಯಾರ, ಉಗಿ ವ್ಯರ್ಥ ಅಂದ್ರ ಅನ್ನ ಹೆಂಗ ಬೇಯತೈತ್ರಿ?"

ಹೆಂಗಸರು ನಕ್ಕರು. ಅಯ್ಯನವರು ನಗಲಿಲ್ಲ. ಕನ್ನಡಕ ಹಾಕಿಕೊಂಡು ನನ್ನನ್ನೇ ನೋಡಿದರು.

"ಖರೇವ. ಅದು ಹೋಗಾ ಮುಂದ ಬೇಯಿಸಿ ಹೋಗತೈತಿ. ಕಥಿಯಾಗ ಆ ತಮ್ಮ ಒಂದು ಮಾತೂ ಆಡಂಗಿಲ್ಲ ನೋಡು."

ನನ್ನ ಪಕ್ಕದಲ್ಲಿ ಕೂತ ತಂಗಿಯೂ ಮಾತಾಡಲಿಲ್ಲ. ಅವಳು ಮೊದಲಿನಿಂದಲೂ ಹಾಗೆಯೇ.

ಸುಗ್ಗಿಯ ಆರಾಧನೆಗೆ ಊರೂರಿನಿಂದ ಜನ ಹೊಸ ಫಸಲು ತಂದು ದೇವರ ಮುಂದಿಡುತ್ತಾರೆ. ಆ ವರ್ಷ ಸಿರುಗುಪ್ಪದ ಅಕ್ಕಿ ಬಂದಿತ್ತು. ಸಾರು ನನಗೆ, ಅನ್ನ ಅವಳಿಗೆ. ಬ್ರೂಸ್‌ಪೇಟೆಯಿಂದ ಬಾಡಿಗೆಗೆ ತಂದ ದೊಡ್ಡ ತಪ್ಪಲೆ. ಅಕ್ಕಿ ಅರ್ಧ ಬೆಂದ ಮೇಲೆ ತಂಗಿ ಮುಚ್ಚಳವಿಟ್ಟು, ಅದರ ಅಂಚಿಗೆ ಒದ್ದೆ ಬಟ್ಟೆ ಬಿಗಿದು ಗಂಟು ಹಾಕಿ, ಮೇಲೆ ಕೆಂಡ ಹರಡಿದಳು. ಇನ್ನು ಉಗಿಯೇ ಬೇಯಿಸಬೇಕು. ಕಾಣಿಕೆ ಇಟ್ಟು ಬರುತ್ತೇನೆಂದು ಗುಡಿಯೊಳಕ್ಕೆ ಹೋದಳು.

ಒಳಗೆ ಹಾಡುತ್ತಿದ್ದರು. ನಾನು ಗಂಟು ಬಿಚ್ಚಿ ಮುಚ್ಚಳ ಓರೆ ಮಾಡಿದೆ. ಉಗಿ ಬುಸ್ಸೆಂದು ಬಂದು ಮಣಿಕಟ್ಟು ಸುಟ್ಟಿತು. ಇದೇ ಹೆವೆಲ್ ಎಂದು ನೆನಪಾಯಿತು. ನೆನಪಾದರೂ ಮುಚ್ಚಲಿಲ್ಲ. ಹಾಡು ನಿಲ್ಲುವವರೆಗೆ ಹೋಗಲು ಬಿಟ್ಟೆ. ಆಮೇಲೆ ಮುಚ್ಚಿ ಗಂಟು ಹಾಕಿದೆ.

ತಂಗಿ ಬಂದು ಗಂಟು ಬಿಚ್ಚಿದಾಗ ಅನ್ನ ತಳದಲ್ಲಿ ಸೀದಿತ್ತು, ಮೇಲೆ ಅಕ್ಕಿಯಾಗಿಯೇ ಇತ್ತು. ಪಂಕ್ತಿಯಲ್ಲಿದ್ದ ಮುದುಕನೊಬ್ಬ, ಇದನ್ನ ಕೋಳಿಗೆ ಹಾಕ್ರವ್ವಾ ಅಂದ. ವಾರ್ಡನ್ ಅಮ್ಮನವರು ತಂಗಿಯನ್ನು ಎಲ್ಲರ ಮುಂದೆ ಬೈದರು. ಅವಳು ತಪ್ಪಲೆಯನ್ನೇ ನೋಡುತ್ತ ನಿಂತಿದ್ದಳು. ಮರುದಿನ ಬೆಳಿಗ್ಗೆ ಕುರುಗೋಡಿನ ಬಸ್ಸು ಹತ್ತಿದಳು. ಖೋಲಿ ನನಗೆ ಉಳಿಯಿತು. ಹುಡುಗಿಯರು ಒಂದೇ ಸೌಟು ಹಾಕಿಸಿಕೊಂಡು ಉಣ್ಣುತ್ತಲೇ ಇದ್ದರು.

ಹತ್ತು ಹನ್ನೆರಡು ವರ್ಷ ನಾನು ಅತ್ತ ತಲೆ ಹಾಕಲಿಲ್ಲ. ಕೊನೆಗೊಮ್ಮೆ ಹೋದೆ. ತಂಗಿ ಭಾವಂದಿರ ಹೊಲದಲ್ಲಿ ದುಡಿದು ಕರ್ರಗಾಗಿದ್ದಳು. ಏನೂ ಕೇಳದೆ ಅನ್ನಕ್ಕಿಟ್ಟಳು. ತಟ್ಟೆಗೆ ಬಡಿಸುವಾಗ ಹೇಳಿದಳು.

"ಅಕ್ಕಾ, ಅವತ್ತ ಬಟ್ಟಿ ಗಂಟು ಎಡಗೈದು ಇತ್ತು."

ಮತ್ತೆ ಯಾಕೆ ಹೇಳಲಿಲ್ಲ ಎಂದು ಕೇಳಿದೆ.

"ಹೇಳಿದ್ರ ನಿನ್ನ ಕಳಸತಿದ್ರು. ನನಗ ಬರಾಕ ಕುರುಗೋಡಾರ ಇತ್ತು. ನಿನಗೇನಿತ್ತು?"

ತಪ್ಪಾಯಿತು ಅನ್ನಬೇಕಿತ್ತು. ಅನ್ನಲಿಲ್ಲ. ಅನ್ನ ಹದವಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಅವಳ ಜಾಗದಲ್ಲಿ ನಾನಿದ್ದರೆ ಆ ಪಂಕ್ತಿಯ ನಡುವೆಯೇ ಗಂಟಿನ ಮಾತೆತ್ತಿ ಅವಳ ಮಾನ ಕಳೆಯುತ್ತಿದ್ದೆ. ಸುಮ್ಮನಿರುವುದರಲ್ಲೂ ಅವಳೇ ಮೇಲಾದಳಲ್ಲ ಎಂದು ಬಳ್ಳಾರಿ ಮುಟ್ಟುವತನಕ ಬಸ್ಸಿನಲ್ಲಿ ನನ್ನ ಹೊಟ್ಟೆ ಉರಿಯುತ್ತಲೇ ಇತ್ತು.