ನಾನು ಉಳುಮೆ ಮಾಡಿಸಿದ ಮೈದಾನ

ಉಟಗಿಯ ನಮ್ಮ ಫುಟ್‌ಬಾಲ್ ಕ್ಲಬ್ಬು ಇದುವರೆಗೆ ಮೂರು ಮೈದಾನ ಕಂಡಿದೆ. ಎರಡನೆಯದನ್ನು ಹಾಳು ಮಾಡಿದವನು ನಾನು. ನಮ್ಮಪ್ಪನನ್ನು ಬಿಟ್ಟರೆ ಅದು ಊರಲ್ಲಿ ಒಬ್ಬನಿಗೆ ಮಾತ್ರ ಗೊತ್ತು.

ಮೊದಲನೆಯದು ಬತ್ತಿದ ಕೆರೆಯ ಅಂಗಳ. ಕೊಲ್ಲಾಪುರದ ಕಡೆಯಿಂದ ವರ್ಗವಾಗಿ ಬಂದ ಮಾಸ್ತರರೊಬ್ಬರು ಚೆಂಡು ತಂದು ನಮಗೆ ಆಟ ಹಚ್ಚಿದರು. ನಾನು ಮುಂದೆ ಆಡುತ್ತಿದ್ದೆ. ಕುರಿ ಸಾಕುವ ಮನೆಯ ನನ್ನ ಗೆಳೆಯ ಗೋಲು ಕಾಯುತ್ತಿದ್ದ. ಒಂದು ವರ್ಷ ಕಾಲುವೆಯ ನೀರು ಕೆರೆಗೆ ಬಂತು. ಊರೆಲ್ಲ ತೆಂಗಿನಕಾಯಿ ಒಡೆದು ಸಂಭ್ರಮಿಸಿತು. ನಾವು ಮಾತ್ರ ಏರಿಯ ಮೇಲೆ ನಿಂತು, ಆಡುವ ಜಾಗ ಮುಳುಗುವುದನ್ನು ನೋಡಿದೆವು.

ನಾನು ಅಪ್ಪನನ್ನು ಕೇಳಿದೆ. "ಯಪ್ಪಾ, ನಮ್ಮ ಮಡ್ಡಿ ಹೊಲದಾಗ ಬರೇ ಕಲ್ಲ ಅದಾವು. ನಮಗ ಆಡಾಕ ಕೊಡು."

"ಕಲ್ಲ ಆರಿಸಿ ಸಪಾಟ ಮಾಡ್ಕೊಂಡು ಆಡ್ರಿ. ನಾ ಏನ್ ಬ್ಯಾಡ ಅನ್ನಂಗಿಲ್ಲ," ಅಂದ.

ಆ ಬೇಸಿಗೆ ಪೂರ್ತಿ ಕಲ್ಲು ಆರಿಸಿದೆವು. ಉಗುರುಗಳು ಕಿತ್ತುಬಂದವು. ಹಳೆಯ ಪೈಪು ತಂದು ಗೋಲಿನ ಕಂಬ ನೆಟ್ಟೆವು. 'ನಿಮ್ಮ ಗ್ರೌಂಡು' ಎಂದು ಯಾರಾದರೂ ಅಂದರೆ ನನಗೆ ಎದೆ ಉಬ್ಬುತ್ತಿತ್ತು.

ಸಂಖ ಊರಿನ ತಂಡ ಆಡಲು ಬಂದಾಗ ನಾವು ಗೆದ್ದದ್ದು ನಾನು ಹೊಡೆದ ಒಂದೇ ಗೋಲಿನಿಂದ. ಆದರೆ ಗೋಲು ಕಾಯುವ ನನ್ನ ಗೆಳೆಯ ಎರಡು ಪೆನಾಲ್ಟಿ ತಡೆದಿದ್ದ. ಜನ ಹೆಗಲ ಮೇಲೆ ಹೊತ್ತು ಕುಣಿದದ್ದು ಅವನನ್ನು. ಮುಂದಿನ ವಾರ ಮಾಸ್ತರರು, "ಕ್ಯಾಪ್ಟನ್ ಯಾರ್ ಆಗ್ಬೇಕ್ರಪ್ಪಾ?" ಎಂದು ಕೇಳಿದರು. ಎಲ್ಲರೂ ಅವನಿಗೇ ಕೈ ಎತ್ತಿದರು. ಎಲ್ಲರೂ ನೋಡುತ್ತಿದ್ದರೆಂದು ನಾನೂ ಎತ್ತಿದೆ. ಹೊಲ ನಮ್ಮದು, ಗೋಲು ನನ್ನದು, ಹೆಸರು ಮಾತ್ರ ಅವನದು.

ಮರುದಿನ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. "ಹುಡುಗ್ರು ಆಡೂದು ಬಿಟ್ಟಾರ. ಹೊಲ ಉಳುಮಿ ಮಾಡಿಸಿಬಿಡು."

"ಖರೇನ?"

"ಖರೇನ ಅದ."

ಟ್ರ್ಯಾಕ್ಟರ್ ಬಂದು ಒಂದು ತಾಸಿನಲ್ಲಿ ಎಲ್ಲವನ್ನೂ ಮಗುಚಿ ಹಾಕಿತು. ಕೆಳಗಿದ್ದ ಕಲ್ಲುಗಳು ಮತ್ತೆ ಮೇಲೆ ಬಂದವು. "ನಮ್ಮಪ್ಪ ಕೇಳಲಿಲ್ಲ," ಎಂದು ತಂಡಕ್ಕೆ ಹೇಳಿದೆ. ಅವರು ನನಗೇ ಸಮಾಧಾನ ಹೇಳಿದರು.

ಕ್ಲಬ್ಬು ಒಡೆದರೆ ಅವನ ಕ್ಯಾಪ್ಟನ್‌ಗಿರಿಯೂ ಹೋಗುತ್ತದೆ ಎಂದುಕೊಂಡಿದ್ದೆ. ಆದರೆ ಅವನು ತನ್ನ ಕಾಕಾನನ್ನು ಒಪ್ಪಿಸಿ, ಅವರ ಕುರಿ ಕೂಡಿಹಾಕುವ ಬಯಲನ್ನೇ ಮೈದಾನ ಮಾಡಿದ. ವರ್ಷಗಟ್ಟಲೆ ಹಿಕ್ಕೆ ಬಿದ್ದ ನೆಲ. ಮೊದಲ ಮಳೆಗೇ ಹುಲ್ಲು ಒಂದೇ ಸಮನೆ ಎದ್ದಿತು. ಬಾಲಗಾಂವದ ತಂಡದವರು ಇಲ್ಲಿ ಆಡುತ್ತೇವೆಂದು ತಾವಾಗಿಯೇ ಕೇಳಿಕೊಂಡು ಬಂದರು. ನಾನು ಮೊಣಕಾಲು ನೋವೆಂದು ಮನೆಯಲ್ಲಿ ಕೂತೆ. ಬಯಲಿನಿಂದ ಕೂಗು ಕೇಳಿದಾಗಲೆಲ್ಲ ಅವನು ಚೆಂಡು ಹಿಡಿದನೆಂದು ತಿಳಿಯುತ್ತಿತ್ತು, ಹೊಟ್ಟೆ ಉರಿಯುತ್ತಿತ್ತು.

ಒಂದು ಮಧ್ಯಾಹ್ನ ಅವನೇ ಮನೆಗೆ ಬಂದ. "ನಿಮ್ಮ ಹೊಲದ ಬದುವಿಗೆ ಗೋಲಿನ ಕಂಬ ಬಿದ್ದಾವು. ಒಯ್ಯೂಣು ಬಾ, ನೀ ಒಂದ ಕಡಿ ಹಿಡಿ."

ಅರ್ಧ ದಾರಿಯಲ್ಲಿ ಕಂಬ ಇಳಿಸಿ ದಣಿವಾರಿಸಿಕೊಂಡೆವು. ಅವನು ನನ್ನ ಕಡೆ ನೋಡದೆ ಹೇಳಿದ. "ಟ್ರ್ಯಾಕ್ಟರ್ ಬಂದ ದಿನ ನಿಮ್ಮಪ್ಪಗ ಕೈ ಮುಗದು ಕೇಳ್ಕೊಳ್ಳಾಕ ಹೋಗಿದ್ನಿ. ಅಷ್ಟರಾಗ ಉಳುಮಿ ಮುಗದಿತ್ತು. ನೀನ ಹೇಳಿದಿ ಅಂದ್ರು."

ನಾನು ಕಂಬಕ್ಕೆ ಮೆತ್ತಿದ ಮಣ್ಣು ಕೆರೆಯುತ್ತ ಕೇಳಿದೆ. "ಮತ್ತ ಯಾರಿಗೂ ಯಾಕ ಹೇಳಲಿಲ್ಲ?"

"ಹೇಳಿದ್ರ ನಿನ್ನ ಆಡಾಕ ಬಿಡ್ತಿದ್ರೇನು? ಎಡಗಾಲಿಲೆ ಹೊಡಿಯಾವ ನಮ್ಮಾಗ ನೀ ಒಬ್ಬನ ಅದಿ. ಹಿಡಿ, ಲಗೂನ ನಡಿ."

ಎರಡೇಟು ಹೊಡೆದಿದ್ದರೆ ಹಗುರಾಗುತ್ತಿದ್ದೆ. ಒಳ್ಳೆಯತನದಲ್ಲೂ ಅವನು ನನ್ನನ್ನು ದಾಟಿ ಹೋಗಿದ್ದ, ಅದಕ್ಕೂ ಹೊಟ್ಟೆಕಿಚ್ಚಾಯಿತು. ಮರುದಿನದಿಂದ ಆಡಲು ಹೋದೆ, ನೋವು ವಾಸಿಯಾಯಿತೆಂದು ಎಲ್ಲರಿಗೂ ಹೇಳಿದೆ.

ಈಗ ಅವನು ಊರಿನ ಹುಡುಗಿಯರಿಗೆ ಆಟ ಕಲಿಸುತ್ತಾನೆ. ನಾನು ರವಿವಾರ ಅದೇ ಬಯಲಿನಲ್ಲಿ ಸುಣ್ಣದ ಗೆರೆ ಹಾಕುತ್ತೇನೆ. ಮೊನ್ನೆ ಅವರ ಜೊತೆ ಆಡುತ್ತ ಗೋಲಿನಲ್ಲಿ ನಿಂತಿದ್ದ ಅವನು, ಸುಲಭದ ಚೆಂಡೊಂದನ್ನು ಬಿಟ್ಟು ಮುಗ್ಗರಿಸಿ ಬಿದ್ದ. ಒಂದು ಕ್ಷಣ ನನಗೆ ಖುಷಿಯಾದದ್ದು ನಿಜ. ಆಮೇಲೆ ಸುಣ್ಣದ ಬುಟ್ಟಿ ಕೆಳಗಿಟ್ಟು, ಹೋಗಿ ಅವನ ಕೈ ಹಿಡಿದು ಎಬ್ಬಿಸಿದೆ.